ನಮ್ಮ ಫೋನಿನ ಮಾತು ಕೇಳಲು ಯಾರ ಅಪ್ಪಣೆ ಬೇಕು?

ದೂರವಾಣಿ ಕದ್ದಾಲಿಕೆ ಮತ್ತು ಖಾಸಗಿತನದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ. ವಿಷಯದ ಸ್ವರೂಪವನ್ನು ಗಮನಿಸಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಭತ್ತದ ದಲಾಲಿ ಅಂಗಡಿ ನಡೆಸುತ್ತೇನೆ. ನಮ್ಮ ವರ್ತಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಸಂದೇಶ ಮೇಲಿಂದ ಮೇಲೆ ಬರುತ್ತದೆ. ನಾಳೆಯಿಂದ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ, ಮೂರು ನೀಲಿ ಟಿಕ್ ಕಂಡರೆ ಸರ್ಕಾರ ನಿಮ್ಮ ಸಂದೇಶ ನೋಡಿದೆ ಎಂದರ್ಥ, ಅದರಲ್ಲಿ ಕೆಂಪು ಬಂದರೆ ಕೇಸು ಬೀಳುತ್ತದೆ ಎಂದು ಅದರಲ್ಲಿದೆ. ದರದ ಮಾತಾಡುವುದಕ್ಕೂ ಕೆಲವರು ಹಿಂಜರಿಯುತ್ತಿದ್ದಾರೆ. ಇದರಲ್ಲಿ ಸತ್ಯ ಎಷ್ಟು?
— ವರ್ತಕರೊಬ್ಬರು, ಸಿಂಧನೂರು

ಉತ್ತರ: ಸತ್ಯ ಸ್ವಲ್ಪವೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮೂರನೆಯ ಟಿಕ್ ಎಂಬುದೇ ಇಲ್ಲ. ಕೇಂದ್ರ ಸರ್ಕಾರದ ವಾರ್ತಾ ವಿಭಾಗವಾದ ಪಿಐಬಿಯ ಫ್ಯಾಕ್ಟ್ ಚೆಕ್ ಘಟಕ ಈ ಸಂದೇಶ ಸುಳ್ಳೆಂದು ಹಲವು ಬಾರಿ ತಿಳಿಸಿದೆ. ಆದರೂ ಅದು ವರ್ಷಕ್ಕೊಮ್ಮೆಯಾದರೂ ಮರುಹುಟ್ಟು ಪಡೆಯುತ್ತದೆ. 2016ರಿಂದ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿದವರ ಫೋನಿನಲ್ಲೇ ಗೂಢಲಿಪಿಗೆ ತಿರುಗಿ, ಪಡೆದವರ ಫೋನಿನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ನಡುವೆ ಕಂಪನಿಗೂ ಅದನ್ನು ಓದಲು ಬರುವುದಿಲ್ಲ. ಆಕ್ಷೇಪಾರ್ಹ ಸಂದೇಶವನ್ನು ಮೊದಲು ಕಳುಹಿಸಿದವರು ಯಾರೆಂದು ಗುರುತಿಸಿಕೊಡಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳಿದಾಗ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಗೂಢಲಿಪಿ ಮುರಿಯಲೇಬೇಕೆಂದರೆ ಭಾರತದಿಂದ ಹೊರಡಬೇಕಾಗುತ್ತದೆ ಎಂದು ಅದರ ವಕೀಲರು 2024ರ ಏಪ್ರಿಲ್‌ನಲ್ಲಿ ಅಲ್ಲಿ ವಾದಿಸಿದರು.

ಹಾಗೆಂದು ಪೂರ್ತಿ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಯಾವ ನಂಬರು ಯಾವಾಗ ಯಾರೊಂದಿಗೆ ಸಂಪರ್ಕದಲ್ಲಿತ್ತು ಎಂಬ ವಿವರ ಗೂಢಲಿಪಿಯೊಳಗೆ ಅಡಗುವುದಿಲ್ಲ. ಬ್ಯಾಕಪ್‌ಗೆ ಪ್ರತ್ಯೇಕ ಪಾಸ್‌ವರ್ಡ್ ಹಾಕದಿದ್ದರೆ ಅದು ಗೂಗಲ್ ಖಾತೆಯಲ್ಲಿ ಆ ರಕ್ಷಣೆಯಿಲ್ಲದೆ ಕೂತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೂರು ಜನರ ಗ್ರೂಪಿನಲ್ಲಿ ಹಾಕಿದ ಮಾತು ಇನ್ನೂರು ಫೋನುಗಳಲ್ಲಿ ಇರುತ್ತದೆ. ಅದರಲ್ಲಿ ಒಂದು ಪೊಲೀಸರ ಕೈ ಸೇರಿದರೂ ಸಾಕು. ನಮ್ಮ ಕಡೆಯ ಪ್ರಕರಣಗಳ ಕಡತಗಳಲ್ಲಿ ವಾಟ್ಸ್‌ಆ್ಯಪ್ ಸಂದೇಶ ಬಂದಿರುವುದು ಬಹುತೇಕ ಹೀಗೆಯೇ, ಇನ್ನೊಬ್ಬ ಸದಸ್ಯರ ಫೋನಿನ ಸ್ಕ್ರೀನ್‌ಶಾಟ್ ಆಗಿ.

ಪ್ರಶ್ನೆ: ಜಿಲ್ಲೆಯ ಎಸ್‌ಪಿಯವರು ಮನಸ್ಸು ಮಾಡಿದರೆ ಯಾರ ಫೋನನ್ನಾದರೂ ಕೇಳಿಸಿಕೊಳ್ಳಬಹುದು ಎಂದು ನನ್ನ ಗೆಳೆಯರು ಖಚಿತವಾಗಿ ಹೇಳುತ್ತಾರೆ. ಇದು ಯಾವ ಕಾನೂನಿನಡಿ, ಯಾರ ಸಹಿಯಿಂದ ನಡೆಯುತ್ತದೆ ಎಂಬುದನ್ನು ದಯವಿಟ್ಟು ವಿವರಿಸಿ.
— ನಿವೃತ್ತ ಶಿಕ್ಷಕರು, ಬಳ್ಳಾರಿ

ಉತ್ತರ: ಎಸ್‌ಪಿಯವರಿಗೆ ಆ ಅಧಿಕಾರ ಇಲ್ಲ. ಅವರು ಕೋರಿಕೆ ಸಲ್ಲಿಸಬಹುದು. ಆದೇಶಕ್ಕೆ ಸಹಿ ಹಾಕಬೇಕಾದವರು ರಾಜ್ಯ ಸರ್ಕಾರದ ಗೃಹ ಕಾರ್ಯದರ್ಶಿ, ಕೇಂದ್ರದ ಸಂಸ್ಥೆಗಳ ವಿಷಯದಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ.

ಈ ಅಧಿಕಾರದ ಮೂಲ 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ಮತ್ತು ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು ಎಂದರೆ ಕಾನೂನು ಎಷ್ಟು ಹಳೆಯದೆಂದು ತಿಳಿದೀತು. ಸಾರ್ವಜನಿಕ ತುರ್ತುಸ್ಥಿತಿ ಇದ್ದರೆ ಅಥವಾ ಸಾರ್ವಜನಿಕ ಸುರಕ್ಷತೆಗೆ ಅಗತ್ಯವಾದರೆ, ದೇಶದ ಸಾರ್ವಭೌಮತೆ, ರಾಜ್ಯದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಸಂದೇಶಗಳನ್ನು ತಡೆದು ನೋಡಬಹುದು ಎಂದು ಅದು ಹೇಳುತ್ತಿತ್ತು. ಯಾವ ವಿಧಾನದಲ್ಲಿ ಎಂಬುದಕ್ಕೆ ನಿಯಮವೇ ಇರಲಿಲ್ಲ. ನಮ್ಮ ರಾಜ್ಯದಲ್ಲಿ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಕದ್ದಾಲಿಕೆಯ ಆರೋಪದ ನಡುವೆಯೇ ಎಂಬುದು ತಮಗೆ ನೆನಪಿರಬಹುದು. ರಾಜಕಾರಣಿಗಳ ಫೋನ್‌ಗಳ ಕದ್ದಾಲಿಕೆ ಕುರಿತ ಸಿಬಿಐ ವರದಿ 1991ರಲ್ಲಿ ಹೊರಬಿದ್ದಾಗ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ರ ತೀರ್ಪು, ಫೋನಿನಲ್ಲಿ ಆಡುವ ಮಾತು ವ್ಯಕ್ತಿಯ ಖಾಸಗಿ ಬದುಕಿನ ಭಾಗವೆಂದು ಒಪ್ಪಿ, ಗೃಹ ಕಾರ್ಯದರ್ಶಿಯ ಲಿಖಿತ ಆದೇಶ, ಅವಧಿಯ ಮಿತಿ ಮತ್ತು ಪರಿಶೀಲನಾ ಸಮಿತಿಗಳನ್ನು ಕಡ್ಡಾಯ ಮಾಡಿತು. ಅವೇ ಮುಂದೆ 2007ರಲ್ಲಿ ಟೆಲಿಗ್ರಾಫ್ ನಿಯಮಗಳ 419ಎ ನಿಯಮವಾಗಿ ಸೇರಿದವು.

ಈಗ ಹಳೆಯ ಕಾಯ್ದೆಯ ಜಾಗದಲ್ಲಿ 2023ರ ದೂರಸಂಪರ್ಕ ಕಾಯ್ದೆ ಇದೆ. ಅದರ 20(2)ನೇ ಕಲಮು 2024ರ ಜೂನ್ 26ರಂದು ಜಾರಿಗೆ ಬಂದಿತು, ಹೊಸ ನಿಯಮಗಳು ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರಬಂದವು. ತಿರುಳು ಹೆಚ್ಚು ಬದಲಾಗಿಲ್ಲ. ಬೇರೆ ದಾರಿಯಿಂದ ಮಾಹಿತಿ ಪಡೆಯಲು ಸಾಧ್ಯವೇ ಎಂದು ಮೊದಲು ಯೋಚಿಸಬೇಕು. ಆದೇಶದಲ್ಲಿ ಕಾರಣ ಬರೆದಿರಬೇಕು. ಒಂದು ಆದೇಶ 60 ದಿನಗಳಿಗೆ ಮಾತ್ರ, ನವೀಕರಿಸುತ್ತ ಹೋದರೂ ಒಟ್ಟು 180 ದಿನಗಳನ್ನು ಮೀರುವಂತಿಲ್ಲ. ತೀರಾ ತುರ್ತು ಸಂದರ್ಭದಲ್ಲಿ ಅಧಿಕೃತ ಸಂಸ್ಥೆಯ ಮುಖ್ಯಸ್ಥರು ಅಥವಾ ಅವರ ನಂತರದ ಹಿರಿಯ ಅಧಿಕಾರಿ, ಅದೂ ರಾಜ್ಯ ಮಟ್ಟದಲ್ಲಿ ಐಜಿಪಿ ದರ್ಜೆಗೆ ಕಡಿಮೆಯಿಲ್ಲದವರು, ತಾವೇ ಆದೇಶಿಸಬಹುದು. ಆದರೆ ಮೂರು ಕೆಲಸದ ದಿನಗಳೊಳಗೆ ಗೃಹ ಕಾರ್ಯದರ್ಶಿಗೆ ತಿಳಿಸಬೇಕು, ಏಳು ಕೆಲಸದ ದಿನಗಳೊಳಗೆ ಒಪ್ಪಿಗೆ ಸಿಗದಿದ್ದರೆ ಕೇಳುವುದನ್ನು ನಿಲ್ಲಿಸಬೇಕು.

ಇನ್ನು ಪರಿಶೀಲನೆ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮತ್ತು ಇನ್ನೊಬ್ಬ ಕಾರ್ಯದರ್ಶಿ ಇರುವ ಸಮಿತಿ ಎರಡು ತಿಂಗಳಿಗೊಮ್ಮೆಯಾದರೂ ಸೇರಿ ಪ್ರತಿ ಆದೇಶವನ್ನೂ ನೋಡಬೇಕು. ನನ್ನ ಆಕ್ಷೇಪ ಇರುವುದು ಇಲ್ಲಿ. ಕೇಳುವವರು ಅಧಿಕಾರಿಗಳು, ಸಹಿ ಹಾಕುವವರು ಅಧಿಕಾರಿಗಳು, ಸರಿಯೇ ತಪ್ಪೇ ಎಂದು ನೋಡುವವರೂ ಅಧಿಕಾರಿಗಳೇ. ಎಲ್ಲಿಯೂ ಒಬ್ಬ ನ್ಯಾಯಾಧೀಶರಿಲ್ಲ. ಕೇಂದ್ರ ಸರ್ಕಾರವೊಂದೇ ತಿಂಗಳಿಗೆ ಸರಾಸರಿ 7,500ರಿಂದ 9,000 ಆದೇಶ ಹೊರಡಿಸುತ್ತದೆ ಎಂಬ ಉತ್ತರ ದಶಕದ ಹಿಂದೆ ಮಾಹಿತಿ ಹಕ್ಕಿನಡಿ ಸಿಕ್ಕಿತ್ತು. ಆ ಲೆಕ್ಕದಲ್ಲಿ ಎರಡು ತಿಂಗಳಿಗೊಮ್ಮೆ ಸೇರುವ ಕೇಂದ್ರದ ಸಮಿತಿಯ ಮೇಜಿಗೆ ಒಂದು ಸಲಕ್ಕೆ 15,000ದಿಂದ 18,000 ಕಡತಗಳು ಬರಬೇಕು. ಬೇರೆ ಜವಾಬ್ದಾರಿಗಳ ನಡುವೆ ಮೂವರು ಹಿರಿಯ ಅಧಿಕಾರಿಗಳು ಅವನ್ನೆಲ್ಲ ಓದಿ ತೀರ್ಮಾನಿಸುತ್ತಾರೆ ಎಂದು ನಂಬುವುದು ಕಷ್ಟ.

ಇದಲ್ಲದೆ ಇಮೇಲ್ ಮತ್ತು ಇಂಟರ್‌ನೆಟ್ ಮಾಹಿತಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮು ಇದೆ. ಅದು ಇನ್ನೂ ಅಗಲವಾದದ್ದು. ಸಾರ್ವಜನಿಕ ತುರ್ತುಸ್ಥಿತಿಯ ಷರತ್ತು ಅಲ್ಲಿಲ್ಲ, ಯಾವುದೇ ಅಪರಾಧದ ತನಿಖೆಯೂ ಅದಕ್ಕೆ ಸಾಕಾಗುವ ಕಾರಣ. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಈ ಕಲಮಿನಡಿ ಕಂಪ್ಯೂಟರುಗಳಲ್ಲಿನ ಮಾಹಿತಿಯನ್ನು ತಡೆದು ನೋಡಬಲ್ಲ ಹತ್ತು ಸಂಸ್ಥೆಗಳನ್ನು ಹೆಸರಿಸಿತು.

ಪ್ರಶ್ನೆ: ನನ್ನ ಅಣ್ಣ ಸರ್ಕಾರಿ ನೌಕರ. ಲಂಚದ ಪ್ರಕರಣವೊಂದರಲ್ಲಿ ಅವರ ಮೇಲೆ ಚಾರ್ಜ್‌ಶೀಟ್ ಆಗಿದ್ದು, ಅದರಲ್ಲಿ ಅವರ ಫೋನ್ ಸಂಭಾಷಣೆಯನ್ನು ಅಕ್ಷರಕ್ಕಿಳಿಸಿ ಲಗತ್ತಿಸಿದ್ದಾರೆ. ಇದನ್ನು ಪ್ರಶ್ನಿಸಲು ಬರುತ್ತದೆಯೇ?
— ರಾಯಚೂರು

ಉತ್ತರ: ಬರುತ್ತದೆ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮಿನ ಪ್ರಕಾರ ಪ್ರಾಸಿಕ್ಯೂಷನ್ ನಂಬಿಕೊಂಡ ದಾಖಲೆಗಳ ಪ್ರತಿ ಆರೋಪಿಗೆ ಸಿಗಬೇಕು. ಸಂಭಾಷಣೆಯ ಪುಟಗಳನ್ನು ಆಮೇಲೆ ಓದಿ, ಮೊದಲು ಗೃಹ ಕಾರ್ಯದರ್ಶಿಯ ಆದೇಶ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಅದನ್ನು ಹಾಜರುಪಡಿಸುವಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿ. ಆದೇಶ ಕೈಗೆ ಬಂದ ಮೇಲೆ ಅದರ ದಿನಾಂಕವನ್ನೂ ಪ್ರತಿ ಕರೆಯ ದಿನಾಂಕವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಆದೇಶ ಮಾರ್ಚ್ 5ರದಾಗಿದ್ದು, ಮುಖ್ಯವೆನ್ನುವ ಕರೆ ಮೇ 9ರದಾಗಿದ್ದರೆ 60 ದಿನ ದಾಟಿದೆ; ನಡುವೆ ನವೀಕರಣದ ಆದೇಶ ಇರಲೇಬೇಕು. ಆದೇಶದಲ್ಲಿರುವ ನಂಬರೂ ಅಣ್ಣನವರ ನಂಬರೂ ಒಂದೇ ಹೌದೇ? ಕಾರಣವೆಂದು ಬರೆದದ್ದು ಕಾಯ್ದೆಯ ಪದಗಳ ನಕಲೋ ಅಥವಾ ಈ ಪ್ರಕರಣದ ಸಂಗತಿಯೋ? ಧ್ವನಿಮುದ್ರಿಕೆಯೊಂದಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪ್ರಮಾಣಪತ್ರ ಇದೆಯೇ? ಈ ಪುಟಗಳಲ್ಲಿ ಸಹಿ, ಮೊಹರು, ಕಡತ ಸಂಖ್ಯೆಗಳನ್ನು ತಾಳೆ ನೋಡುವ ಬೇಸರದ ಕೆಲಸದಲ್ಲೇ ಹಲವು ಸಲ ಪ್ರಕರಣದ ಗತಿ ತೀರ್ಮಾನವಾಗುತ್ತದೆ.

ಲಂಚದ ಪ್ರಕರಣ ಸಾರ್ವಜನಿಕ ಸುರಕ್ಷತೆಯ ವಿಷಯವೇ ಎಂಬ ಬಗ್ಗೆ ಹೈಕೋರ್ಟುಗಳು ಒಮ್ಮತದಲ್ಲಿಲ್ಲ. 10 ಲಕ್ಷ ರೂಪಾಯಿ ಲಂಚದ ಆರೋಪವಿದ್ದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಕದ್ದಾಲಿಕೆಯ ಆದೇಶಗಳನ್ನು ರದ್ದುಪಡಿಸಿ, ಧ್ವನಿಮುದ್ರಣಗಳನ್ನು ನಾಶಪಡಿಸಲು ಹೇಳಿತು. 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅದೇ ದಾರಿ ಹಿಡಿಯಿತು. ಕೆಲವೇ ದಿನಗಳ ಮೊದಲು ದೆಹಲಿ ಹೈಕೋರ್ಟ್, ಭ್ರಷ್ಟಾಚಾರದ ಪರಿಣಾಮ ದೊಡ್ಡದೆಂದು ಕದ್ದಾಲಿಕೆಯನ್ನು ಎತ್ತಿಹಿಡಿದಿತ್ತು. ಜೊತೆಗೆ, ವಿಧಾನದ ಲೋಪವಿದ್ದ ಮಾತ್ರಕ್ಕೆ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲ ಎಂದು ಸಂಸತ್ತಿನ ಮೇಲಿನ ದಾಳಿ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತನ್ನು ಸರ್ಕಾರಿ ವಕೀಲರು ಖಂಡಿತ ಮುಂದಿಡುತ್ತಾರೆ. ಆದ್ದರಿಂದ ಗೆಲುವನ್ನು ಖಚಿತವೆನ್ನಲಾರೆ, ವಾದಕ್ಕೆ ಬಲವಿದೆ ಎನ್ನಬಲ್ಲೆ. ರಾಯಚೂರಿನವರಾದ ತಾವು ರಿಟ್ ಅರ್ಜಿಯನ್ನು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಸಲ್ಲಿಸಬೇಕಾಗುತ್ತದೆ. ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ.

ಪ್ರಶ್ನೆ: ನಮ್ಮ ಓಣಿಯಲ್ಲಿ ನಡೆದ ಗಲಾಟೆಯ ವಿಷಯದಲ್ಲಿ ವಿಚಾರಣೆಗೆಂದು ನನ್ನನ್ನು ಠಾಣೆಗೆ ಕರೆದರು. ನಾನು ಆರೋಪಿಯಲ್ಲ. ಅಲ್ಲಿ ಫೋನ್ ಕೇಳಿ ಪಡೆದು, ಪ್ಯಾಟರ್ನ್ ಹೇಳಿಸಿಕೊಂಡು, ಗ್ಯಾಲರಿಯನ್ನೆಲ್ಲ ನೋಡಿದರು. ಅದರಲ್ಲಿ ಮನೆಯವರ ಫೋಟೋಗಳೂ ಇದ್ದವು. ಮರುದಿನ ಫೋನ್ ವಾಪಸ್ ಕೊಟ್ಟರು, ಒಂದು ಚೀಟಿಯನ್ನೂ ಕೊಡಲಿಲ್ಲ. ಇದು ಸರಿಯೇ?
— ಯುವಕರೊಬ್ಬರು, ಗಂಗಾವತಿ

ಉತ್ತರ: ಸರಿಯಲ್ಲ. ಈ ಸಲ ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ತಮ್ಮದು. ಗೃಹ ಕಾರ್ಯದರ್ಶಿಯ ಆದೇಶದಿಂದ ನಡೆಯುವ ಕದ್ದಾಲಿಕೆಗೆ ಸಿಗುವವರು ಕೆಲವರು. ಠಾಣೆಯ ಮೇಜಿನ ಮೇಲೆ ಫೋನ್ ಬಿಚ್ಚಿ ತೋರಿಸಬೇಕಾಗಿ ಬಂದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅಲ್ಲಿ ಸಿಗುವುದು 60 ದಿನಗಳ ಮಾತುಕತೆಯಷ್ಟೇ ಅಲ್ಲ, ಹಲವು ವರ್ಷಗಳ ಬದುಕು.

2021ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಇದಕ್ಕೆ ನೇರವಾಗಿ ಅನ್ವಯಿಸುತ್ತದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೊಡುವಂತೆ ಕೇಳಬಹುದು. ಒಪ್ಪದಿದ್ದರೆ ತಾವೇ ಒತ್ತಾಯಿಸದೆ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು. ಸಾಕ್ಷ್ಯ ನಾಶವಾಗುವಂಥ ತುರ್ತು ಇದ್ದರೆ ವಾರಂಟ್ ಇಲ್ಲದೆ ಮುಂದುವರಿಯಬಹುದಾದರೂ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಲೇಬೇಕು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಪಾಸ್‌ವರ್ಡ್ ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ, ಹಾಗಾಗಿ ನ್ಯಾಯಾಲಯ ಆದೇಶಿಸಿದ ಮೇಲೆ ಸಂವಿಧಾನದ 20(3)ನೇ ವಿಧಿಯನ್ನು ಮುಂದಿಟ್ಟು ನಿರಾಕರಿಸಲಾಗದು. ಫೋನ್ ವಶಪಡಿಸಿಕೊಳ್ಳುವ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಬೇಕೆಂದು ಸುಪ್ರೀಂ ಕೋರ್ಟ್ ಕೂಡ 2023ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತ್ತು.

ಫೋನನ್ನು ವಶಕ್ಕೆ ಪಡೆಯುವುದೇ ಆದರೆ ಪಂಚರ ಸಮಕ್ಷಮ ಪಂಚನಾಮೆ ಆಗಬೇಕು. ಅದರಲ್ಲಿ ಫೋನಿನ ಕಂಪನಿ ಮತ್ತು ಮಾಡೆಲ್, ಎರಡೂ ಐಎಂಇಐ ಸಂಖ್ಯೆಗಳು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ಸಿಮ್ ಮತ್ತು ಮೆಮೊರಿ ಕಾರ್ಡ್ ವಿವರ, ಫೋನ್ ಚಾಲೂ ಇತ್ತೋ ಆಫ್ ಆಗಿತ್ತೋ ಎಂಬುದು, ಹೊತ್ತು ಮತ್ತು ಸ್ಥಳ ಇರಬೇಕು. ಫೋನನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಬೇಕು. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಈ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕೆನ್ನುತ್ತದೆ. ಐಎಂಇಐ ಸಂಖ್ಯೆ ಬರೆಯದ ಪಂಚನಾಮೆಗೆ ಸಹಿ ಹಾಕಬೇಡಿ.

ತಮ್ಮ ವಿಷಯದಲ್ಲಿ ಈಗ ಮಾಡಬಹುದಾದದ್ದು ಇಷ್ಟು: ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಫೋನ್ ಪಡೆದರು, ಯಾವಾಗ ಕೊಟ್ಟರು ಎಂಬುದನ್ನು ಬರೆದು ಎಸ್‌ಪಿ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ದೂರು ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೆ ಉತ್ತರ ಬಾರದಿದ್ದರೆ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ ಅಥವಾ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಗಬಹುದು. ಫೋನಿನ ಪ್ಯಾಟರ್ನ್ ಮತ್ತು ಖಾತೆಗಳ ಪಾಸ್‌ವರ್ಡ್‌ಗಳನ್ನು ಇಂದೇ ಬದಲಿಸಿ. ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಬೇರೆ ಯಾವ ಕಂಪ್ಯೂಟರಿಗಾದರೂ ಜೋಡಣೆಯಾಗಿದೆಯೇ ಎಂದು ನೋಡಿ.

ಪ್ರಶ್ನೆ: ಕಾರ್ಖಾನೆಗಳ ಹೊಗೆ, ಧೂಳಿನ ವಿರುದ್ಧ ಹೋರಾಡುವ ಗುಂಪಿನಲ್ಲಿ ನಾನಿದ್ದೇನೆ. ಕರೆ ಮಾಡಿದಾಗ ಟಕ್ ಟಕ್ ಎಂಬ ಸದ್ದು, ನಮ್ಮದೇ ಮಾತಿನ ಮಾರ್ದನಿ ಕೇಳಿಸುತ್ತದೆ. *#21# ಒತ್ತಿದರೆ ಕದ್ದಾಲಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ಕೆಲವರೆಂದರು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ತಿಳಿಸುತ್ತಾರೆಯೇ?
— ಕೊಪ್ಪಳ

ಉತ್ತರ: ಸದ್ದಿನಿಂದ ಏನೂ ತಿಳಿಯುವುದಿಲ್ಲ. ಕಾನೂನುಬದ್ಧ ಕದ್ದಾಲಿಕೆ ನಡೆಯುವುದು ತಮ್ಮ ಫೋನಿನಲ್ಲಲ್ಲ, ದೂರಸಂಪರ್ಕ ಕಂಪನಿಯ ಜಾಲದಲ್ಲಿ. ಅಲ್ಲಿ ಕರೆಯ ಇನ್ನೊಂದು ಪ್ರತಿ ಬೇರೆಡೆಗೆ ಹೋಗುತ್ತಿದ್ದರೆ ತಮ್ಮ ಕಿವಿಗೆ ವ್ಯತ್ಯಾಸ ಬರಲು ಕಾರಣವಿಲ್ಲ. *#21# ತೋರಿಸುವುದು ಕಾಲ್ ಫಾರ್ವರ್ಡಿಂಗ್ ಚಾಲೂ ಇದೆಯೇ ಎಂಬುದನ್ನಷ್ಟೇ. ವಂಚಕರು ಕರೆಗಳನ್ನು ತಮ್ಮತ್ತ ತಿರುಗಿಸಿಕೊಂಡಿದ್ದರೆ ತಿಳಿಯಲು ಅದು ಉಪಯೋಗ, ಸರ್ಕಾರ ಕೇಳುತ್ತಿದೆಯೇ ಎಂಬುದಕ್ಕಲ್ಲ.

ಮಾಹಿತಿ ಹಕ್ಕಿನಿಂದಲೂ ಉತ್ತರ ಸಿಗುವ ಸಂಭವ ಕಡಿಮೆ. ತನ್ನ ಫೋನ್ ಕದ್ದಾಲಿಕೆಯಲ್ಲಿತ್ತೇ ಎಂದು ವಕೀಲರೊಬ್ಬರು ಕೇಳಿದ್ದ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಇಂಥ ಮಾಹಿತಿ ಬಹಿರಂಗವಾದರೆ ತನಿಖೆಗೆ ಧಕ್ಕೆಯಾಗಬಹುದೆಂದು ಹೇಳಿ ಕೊಡಬೇಕಿಲ್ಲ ಎಂದಿತು. ತನಿಖೆ ನಡೆಯುವಾಗ ಗುಟ್ಟು ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಮ್ಮ ನಿಯಮಗಳಲ್ಲಿ ಕೇಳುವುದು ಮುಗಿದ ಮೇಲೆಯೂ, ಏನೂ ಸಿಗದೆ ಕಡತ ಮುಚ್ಚಿದ ಮೇಲೆಯೂ ಆ ವ್ಯಕ್ತಿಗೆ ತಿಳಿಸಬೇಕೆಂಬ ಮಾತಿಲ್ಲ. ಬದಲಿಗೆ, ಅಗತ್ಯವಿಲ್ಲದ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಪಡಿಸಬೇಕು ಎಂದಿದೆ. ಅದು ಖಾಸಗಿತನದ ರಕ್ಷಣೆಗೆಂದೇ ಇಟ್ಟ ನಿಯಮವಾದರೂ, ಅಕ್ರಮವಾಗಿ ಕೇಳಿದ್ದರೆ ಅದರ ಗುರುತೂ ಅದರೊಂದಿಗೇ ಹೋಗುತ್ತದೆ. ರಾಯಚೂರಿನ ಆರೋಪಿಗೆ ಆದೇಶದ ಪ್ರತಿ ಸಿಗುತ್ತದೆ, ಯಾವ ಅಪರಾಧವನ್ನೂ ಮಾಡದ ತಮಗೆ ಸಿಗುವುದಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ನಂತರವೂ ಈ ಅಂತರ ಹಾಗೆಯೇ ಉಳಿದಿದೆ. ಆ ಪ್ರಕರಣಕ್ಕೆ ಹೆಸರಾದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು.

ಇನ್ನೊಂದು ಸಂಗತಿ. ಹೋರಾಟಗಾರರ ವಿಷಯದಲ್ಲಿ ಮಾತು ಕೇಳುವ ಅಗತ್ಯವೇ ಬೀಳದಿರಬಹುದು. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರಿನಡಿಯಿಂದ ಕರೆ ಹೋಯಿತು ಎಂಬ ಸಿಡಿಆರ್ ದಾಖಲೆಯನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟಿರಬೇಕು. ಅದನ್ನು ಪಡೆಯಲು ಗೃಹ ಕಾರ್ಯದರ್ಶಿಯ ಆದೇಶ ಬೇಕಿಲ್ಲ, ಪೊಲೀಸರು ತನಿಖೆಯ ಭಾಗವಾಗಿ ಕೇಳಿ ಪಡೆಯುತ್ತಾರೆ. ಒಂದು ಸಭೆಗೆ ಯಾರು ಯಾರನ್ನು ಕರೆದರು ಎಂದು ತಿಳಿಯಲು ಅಷ್ಟು ಸಾಕು.

ಅಧಿಕಾರವಿಲ್ಲದವರು ಕದ್ದಾಲಿಸಿದ್ದಾರೆ ಎಂಬುದಕ್ಕೆ ಆಧಾರ ಸಿಕ್ಕರೆ ಮಾತ್ರ ದೂರು ಕೊಡಿ. ದೂರಸಂಪರ್ಕ ಕಾಯ್ದೆಯ 42ನೇ ಕಲಮಿನಡಿ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಪ್ರಶ್ನೆ: ‘ನಿಮ್ಮ ಫೋನ್ ಸಿಬಿಐ ನಿಗಾದಲ್ಲಿದೆ, ವಿಡಿಯೊ ಕರೆ ಕಟ್ ಮಾಡಿದರೆ ಅರೆಸ್ಟ್’ ಎಂದು ನನ್ನ ತಾಯಿಗೆ ಕರೆ ಬಂದಿತ್ತು. ಅವರು ಇನ್ನೂ ಹೆದರಿದ್ದಾರೆ.
— ಮಾನ್ವಿ

ಉತ್ತರ: ಅದು ವಂಚನೆ. ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ, ನಿಗಾದಲ್ಲಿಟ್ಟವರ ಫೋನಿಗೆ ಕರೆ ಮಾಡಿ ಆ ವಿಷಯ ತಿಳಿಸುವ ಸಂಸ್ಥೆಯೂ ಇಲ್ಲ. ತಾಯಿಯವರಿಗೆ ಧೈರ್ಯ ಹೇಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಹೊಸದಾಗಿ ಬಂದ ಡೇಟಾ ಸಂರಕ್ಷಣಾ ಕಾಯ್ದೆಯಿಂದ ಸರ್ಕಾರದ ನಿಗಾಕ್ಕೆ ಕಡಿವಾಣ ಬೀಳುತ್ತದೆಯೇ? ನಮ್ಮೂರಿನಲ್ಲಿ ಸಿಮ್ ಮಾರುವವರು ಬೆರಳಚ್ಚು ಸರಿಯಾಗಿ ಬರಲಿಲ್ಲವೆಂದು ಎರಡೆರಡು ಸಲ ಒತ್ತಿಸಿಕೊಳ್ಳುತ್ತಾರೆ, ಅದರ ಬಗ್ಗೆಯೂ ಹೇಳಿ.
— ಗೃಹಿಣಿ, ಸಿರುಗುಪ್ಪ

ಉತ್ತರ: ಮೊದಲನೆಯದಕ್ಕೆ ಉತ್ತರ, ಹೆಚ್ಚೇನೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಯಾಗಲಿವೆ. ಅಂಗಡಿ, ಬ್ಯಾಂಕು, ಆ್ಯಪ್ ಕಂಪನಿಗಳನ್ನು ಅದು ಬಿಗಿ ಮಾಡುತ್ತದೆ. ಆದರೆ 17(2)ನೇ ಕಲಮಿನಡಿ ಕೇಂದ್ರ ಸರ್ಕಾರ ತಾನು ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ಭದ್ರತೆ, ಸುವ್ಯವಸ್ಥೆಯಂಥ ಕಾರಣಗಳಿಗಾಗಿ ಇಡೀ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು.

ಎರಡನೆಯದರ ಬಗ್ಗೆ ಎಚ್ಚರ ಬೇಕು. ಎರಡನೆಯ ಬೆರಳಚ್ಚಿನಿಂದ ತಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ಚಾಲೂ ಮಾಡಿ ಬೇರೆಯವರಿಗೆ ಮಾರುವ ದಂಧೆ ಇದೆ, ಮತ್ತು ಆ ಸಿಮ್‌ನಿಂದ ಅಪರಾಧ ನಡೆದರೆ ಪೊಲೀಸರು ಮೊದಲು ಹುಡುಕುವುದು ತಮ್ಮನ್ನೇ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ತಮ್ಮ ನಂಬರು ಹಾಕಿ, ಬಂದ ಒಟಿಪಿ ಕೊಟ್ಟರೆ ತಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬ ಪಟ್ಟಿ ಬರುತ್ತದೆ. ಗೊತ್ತಿಲ್ಲದ ನಂಬರಿನ ಮುಂದೆ ‘ನನ್ನ ನಂಬರಲ್ಲ’ ಎಂಬುದನ್ನು ಒತ್ತಿ ವರದಿ ಮಾಡಿ, ಬರುವ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.